ಕಾಣದ ದಿನ ಕೇಳುವ ಜನ: ಬೌದ್ಧಿಕ ವಿಕಲತೆ ಇರುವ ದೊಡ್ಡವರ ಸುತ್ತ ಊರಿನ ಬಳಗ ಕಟ್ಟುವ ಕ್ರಮ

ಮೂರು ವರ್ಷದ ಹಿಂದೆ ಆಟಿ ತಿಂಗಳ ಒಂದು ಬೆಳಿಗ್ಗೆ ಉಡುಪಿಯ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಸೊಂಟದ ಎಲುಬು ಮುರಿದಿತ್ತು. ಮನೆಯಲ್ಲಿದ್ದದ್ದು ತಮ್ಮ ಒಬ್ಬನೇ. ಅವನಿಗಾಗ 31 ವರ್ಷ. ಬೌದ್ಧಿಕ ವಿಕಲತೆ ಇದೆ, ಫೋನ್ ಮಾಡಲು ಬರುವುದಿಲ್ಲ. ಅಮ್ಮನ ತಲೆಯಡಿಗೆ ದಿಂಬು ಇಟ್ಟು, ಚೊಂಬಿನಲ್ಲಿ ನೀರು ಹಿಡಿದು ಪಕ್ಕದಲ್ಲೇ ಕುಳಿತಿದ್ದ. ನಾನು ಮಂಗಳೂರಿನಲ್ಲಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು, ಅಮ್ಮ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಅವರನ್ನು ಉಳಿಸಿದ್ದು ಅರ್ಧ ಲೀಟರ್ ಹಾಲು. ದಿನಾ ಆರೂವರೆಗೆ ನಂದಿನಿಯ ನೀಲಿ ಪ್ಯಾಕೆಟ್ ತರಲು ಹೋಗುವವನು ಎಂಟು ಗಂಟೆಯಾದರೂ ಬರಲಿಲ್ಲವೆಂದು ಹಾಲಿನ ಅಂಗಡಿಯವರು ಕೊಡೆ ಹಿಡಿದು ಮನೆಗೆ ಬಂದರು. ‘ಎಂಥ, ಇವತ್ತು ಇವನು ಕಾಣ್ಲೇ ಇಲ್ಲ?’ ಎಂದು ಗೇಟಿನ ಹತ್ತಿರ ನಿಂತು ಕೇಳಿದರಂತೆ.

ಆ ದಿನದಿಂದ ನಾನು ಬಳಗ ಎನ್ನುವುದನ್ನು ಬೇರೆ ಅರ್ಥದಲ್ಲಿ ನೋಡತೊಡಗಿದೆ. ‘ನನ್ನ ನಂತರ ಇವನಿಗೆ ಯಾರು?’ ಎಂದು ಅಮ್ಮಂದಿರು ಕೇಳುತ್ತಾರೆ. ಅದಕ್ಕೆ ಒಂದೇ ಹೆಸರಿನ ಉತ್ತರ ಹುಡುಕಲು ಹೋದರೆ ಸಿಗುವುದಿಲ್ಲ. ಒಂದು ದಿನ ಕಾಣದಿದ್ದರೆ ವಿಚಾರಿಸುವ ಆರೇಳು ಮಂದಿ ಬೇಕು. ಅವರನ್ನು ಅಮ್ಮ ಗಟ್ಟಿಯಾಗಿರುವಾಗಲೇ ಒಟ್ಟು ಮಾಡಬೇಕು. ನಾವು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಹದಿನೆಂಟು ದಾಟಿದವರ ಮನೆಯವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಶಾಲೆಗೆ ಹೋಗುವ ಮಕ್ಕಳಿದ್ದರೂ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ನೋಟ್‌ಬುಕ್

ಇನ್ನೂರು ಪುಟದ ನೋಟ್‌ಬುಕ್ ಬೇಡ, ಕಿಸೆಯಲ್ಲಿ ಹಿಡಿಯುವಂಥದ್ದು ಸಾಕು. ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ತಮ್ಮನನ್ನು ನೋಡಿಕೊಂಡ ಚಿಕ್ಕಮ್ಮನಿಗೆ ಅವನು ರಾತ್ರಿ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಾನೆ ಎಂದೇ ಗೊತ್ತಿರಲಿಲ್ಲ. ಮೂರನೆಯ ರಾತ್ರಿ ಅವನಿಗೆ ಫಿಟ್ಸ್ ಬಂತು. ಈ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಆದರೆ ಅದನ್ನು ಚಿಕ್ಕಮ್ಮನಿಗೆ ಹೇಳುವವರು ಯಾರಿದ್ದರು? ಎಲ್ಲವೂ ಅಮ್ಮನ ತಲೆಯಲ್ಲಿತ್ತು.

ಆದ್ದರಿಂದ ಮೊದಲ ಪುಟದಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಡಾಕ್ಟರ ಫೋನ್ ನಂಬರ್ ಬರೆಯಿರಿ. ಅದರ ಕೆಳಗೆ ಫಿಟ್ಸ್ ಬಂದಾಗ ಮಾಡಬೇಕಾದದ್ದು: ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಬೀಗದ ಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಎರಡನೆಯ ಪುಟ ಅವನ ಭಾಷೆ. ನನ್ನ ತಮ್ಮ ಯಾವ ನೋವಿಗೂ ‘ಬಂಜಿ’ ಎನ್ನುತ್ತಾನೆ. ತುಳುವಿನಲ್ಲಿ ಅದು ಹೊಟ್ಟೆ, ಅವನ ಪಾಲಿಗೆ ಹಲ್ಲುನೋವೂ ಬಂಜಿಯೇ. ಕಿವಿಯ ಹತ್ತಿರ ತಾನೇ ಹೊಡೆದುಕೊಳ್ಳತೊಡಗಿದರೆ ಹಲ್ಲು ನೋಡಿಸಬೇಕು ಎಂದು ನಮಗೆ ತಿಳಿಯಲು ವರ್ಷಗಳು ಹಿಡಿದವು. ಹೇಳಲು ಬಾರದವರ ನೋವು ಹೆಚ್ಚಾಗಿ ಸಿಟ್ಟಿನ ರೂಪದಲ್ಲಿ ಹೊರಬರುತ್ತದೆ. ‘ಈಗೀಗ ತುಂಬಾ ಹಟ ಮಾಡ್ತಾನೆ’ ಎಂದು ತೀರ್ಮಾನಿಸುವ ಮೊದಲು ಹಲ್ಲು, ಕಿವಿ, ಮಲಬದ್ಧತೆ ಮೂರನ್ನೂ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇದ್ದವರಿಗೆ ಥೈರಾಯ್ಡ್ ತೊಂದರೆ ಬರುವುದು ಹೆಚ್ಚು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು.

ಉಳಿದ ಪುಟಗಳಲ್ಲಿ ಇಷ್ಟದ ತಿಂಡಿ, ಹೆದರುವ ಸದ್ದು, ಸಮಾಧಾನ ಮಾಡುವ ದಾರಿ ಇರಲಿ. ನಾಲ್ಕು ಪ್ರತಿ ಮಾಡಿ ಬೇರೆ ಬೇರೆ ಮನೆಯಲ್ಲಿಡಿ.

ಯಾರನ್ನು ಕೇಳುವುದು, ಹೇಗೆ ಕೇಳುವುದು

ಪಟ್ಟಿ ಬರೆಯಲು ಕುಳಿತರೆ ಸಂಬಂಧಿಕರ ಹೆಸರೇ ಬರುತ್ತದೆ. ಅದನ್ನು ಬಿಟ್ಟು ಒಂದು ವಾರ ನಿಮ್ಮ ಮನೆಯ ವಿಕಲಚೇತನರ ಜೊತೆ ಬೀದಿಯಲ್ಲಿ ನಡೆಯಿರಿ. ಯಾರು ಹೆಸರು ಹಿಡಿದು ಮಾತಾಡಿಸುತ್ತಾರೆ, ಯಾರು ನಿಮ್ಮನ್ನಷ್ಟೇ ಮಾತಾಡಿಸಿ ಅವರನ್ನು ನೋಡದೆ ಹೋಗುತ್ತಾರೆ ಎಂದು ಗಮನಿಸಿ. ನಮಗೆ ಹೀಗೆ ಸಿಕ್ಕವರು: ಹಾಲಿನ ಅಂಗಡಿಯವರು, ರಿಕ್ಷಾ ಸ್ಟ್ಯಾಂಡಿನ ಇಬ್ಬರು, ಭಜನಾ ಮಂಡಳಿಯ ತಬಲ ನುಡಿಸುವವರು, ಎದುರು ಮನೆಯ ಬ್ಯಾರಿ ಕುಟುಂಬದ ಹಿರಿಯ ತಾಯಿ, ಪಕ್ಕದ ಓಣಿಯ ಕಾಲೇಜು ಹುಡುಗ. ಸಂಬಂಧಿಕರಲ್ಲಿ ಉಳಿದದ್ದು ಚಿಕ್ಕಮ್ಮ ಒಬ್ಬರೇ. ಅದರಲ್ಲಿ ಬೇಸರಪಡುವಂಥದ್ದೇನಿಲ್ಲ, ದಿನಾ ಕಾಣುವವರಿಗೇ ಕಾಣದ ದಿನ ಗೊತ್ತಾಗುವುದು.

ಮಹಿಳಾ ಮಂಡಲ, ಯುವಕ ಮಂಡಲ, ಸ್ವಸಹಾಯ ಸಂಘದ ವಾರದ ಸಭೆ, ಚರ್ಚಿನ ವಾಳೆಯ (ವಾರ್ಡಿನ) ಗುರಿಕಾರರು, ಮಸೀದಿಯ ಜಮಾತ್, ಇವೆಲ್ಲ ಕರಾವಳಿಯಲ್ಲಿ ಮೊದಲೇ ಇರುವ ವ್ಯವಸ್ಥೆಗಳು. ಹೊಸ ಸಂಸ್ಥೆ ಕಟ್ಟುವ ಮೊದಲು ಇವುಗಳ ಬಾಗಿಲು ತಟ್ಟಿ.

ಕೇಳುವ ಮಾತು ಮುಖ್ಯ. ‘ಇವನಿಗೆ ಸ್ವಲ್ಪ ಸಹಾಯ ಮಾಡಿ’ ಎಂದರೆ ಎಲ್ಲರೂ ಖಂಡಿತ ಎನ್ನುತ್ತಾರೆ, ಯಾರೂ ಬರುವುದಿಲ್ಲ. ಏನು ಮಾಡಬೇಕೆಂದು ಅವರಿಗೆ ತಿಳಿಯದು, ಜೀವನಪೂರ್ತಿ ಹೊರೆ ತಲೆಗೆ ಬಿದ್ದೀತೆಂಬ ಅಂಜಿಕೆಯೂ ಇರುತ್ತದೆ. ಚಿಕ್ಕದನ್ನು, ಹೊತ್ತು ಹೇಳಿ, ಮುಗಿಯುವ ಗಳಿಗೆಯನ್ನೂ ಹೇಳಿ ಕೇಳಿ. ನಾನು ತಬಲದವರಿಗೆ ಹೇಳಿದ್ದು ಇಷ್ಟೇ: ‘ಶನಿವಾರ ಭಜನೆಗೆ ಹೋಗುವಾಗ ಇವನನ್ನೂ ಕರ್ಕೊಂಡು ಹೋಗ್ತೀರಾ? ಎಂಟಕ್ಕೆ ನಾನೇ ಬಂದು ಕರ್ಕೊಂಡು ಬರ್ತೇನೆ. ನಾಲ್ಕು ವಾರ ನೋಡುವ, ಕಷ್ಟ ಆದ್ರೆ ಹೇಳಿ.’ ಈಗ ಮೂರು ವರ್ಷವಾಗುತ್ತ ಬಂತು. ತಮ್ಮನ ಕೈಯಲ್ಲಿ ಒಂದು ಜೋಡಿ ತಾಳವಿದೆ. ಲಯ ತಪ್ಪುತ್ತದೆ, ಯಾರೂ ತಾಳ ಕಸಿದುಕೊಂಡಿಲ್ಲ.

ಒಬ್ಬರಿಗೆ ಒಂದೇ ಕೆಲಸ ಕೊಡಿ. ರಿಕ್ಷಾದವರಿಗೆ ನಾವು ಕೊಟ್ಟದ್ದು ‘ಇವನು ಒಬ್ಬನೇ ಹೈವೇ ಕಡೆ ಹೋಗುವುದು ಕಂಡರೆ ಒಂದು ಫೋನ್ ಮಾಡಿ’ ಎಂಬುದು ಮಾತ್ರ. ಬಾಡಿಗೆಗೆ ಕರೆದಾಗ ಪೂರ್ತಿ ಬಾಡಿಗೆ ಕೊಡಿ. ಪುಕ್ಕಟೆ ಕೇಳಿದರೆ ಬಳಗ ಬೇಗ ಸವೆಯುತ್ತದೆ.

ಮಾತಿನ ವಿಷಯ ಇನ್ನೊಂದಿದೆ. ‘ಮರ್ಲ’ ಎಂಬ ತುಳು ಮಾತು ಈಗಲೂ ಬೀದಿಯಲ್ಲಿ ಕೇಳುತ್ತದೆ, ಅದನ್ನು ಆಡಿದವರಿಗೆ ನಾನು ನೇರವಾಗಿ ಹೇಳುತ್ತೇನೆ. ಆದರೆ ನನಗೆ ಹೆಚ್ಚು ಕಷ್ಟ ಕೊಟ್ಟದ್ದು ‘ಪಾಪ’. ಪಾಪ ಎನ್ನುವವರು ಕೆಲಸ ಕೊಡುವುದಿಲ್ಲ, ತಪ್ಪು ಮಾಡಲು ಬಿಡುವುದಿಲ್ಲ, ಮದುವೆಯ ಊಟದಲ್ಲಿ ಮೂಲೆಯ ಎಲೆಗೆ ಕೂರಿಸುತ್ತಾರೆ. ಬಳಗದವರಿಗೆ ನಾವು ಕೇಳಿಕೊಂಡದ್ದು: ಅವನ ವಿಷಯವನ್ನು ಅವನ ಎದುರು, ಅವನನ್ನೇ ಕೇಳಿ. ಉತ್ತರಕ್ಕೆ ಹತ್ತು ಎಣಿಸುವಷ್ಟು ಕಾಯಿರಿ. ಮೂವತ್ತು ದಾಟಿದವನನ್ನು ‘ಮಗು’ ಎನ್ನಬೇಡಿ. ಓಣಿಯ ಮಕ್ಕಳು ಈಗ ‘ಅಣ್ಣ’ ಎನ್ನುತ್ತಾರೆ.

ಒಂದು ಕೆಲಸವನ್ನು ಹಿಂದಿನಿಂದ ಕಲಿಸುವುದು

ಬಳಗ ಹುಟ್ಟಬೇಕಾದರೆ ವಿಕಲತೆ ಇರುವವರು ಮನೆಯಿಂದ ಹೊರಗೆ ಹೋಗುವಂತಾಗಬೇಕು. ಹಾಲು ತರುವುದನ್ನು ನಾವು ಕಲಿಸಿದ ರೀತಿಯನ್ನು ವಿಶೇಷ ಶಿಕ್ಷಕಿಯೊಬ್ಬರು ಹೇಳಿಕೊಟ್ಟರು. ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿ, ಕೊನೆಯ ತುಂಡನ್ನು ಮೊದಲು ಕಲಿಸಬೇಕು. ಆಗ ಪ್ರತಿ ದಿನವೂ ಕೆಲಸ ಮುಗಿಸಿದ ಸಂತೋಷ ಅವರದ್ದಾಗುತ್ತದೆ.

ಮೊದಲ ವಾರ ಎಲ್ಲವನ್ನೂ ಅಮ್ಮನೇ ಮಾಡಿ, ಗೇಟಿನಲ್ಲಿ ಪ್ಯಾಕೆಟ್ ಅವನ ಕೈಗೆ ಕೊಟ್ಟರು. ಅವನು ಒಳಗೆ ಒಯ್ದು ಪಾತ್ರೆಯಲ್ಲಿಟ್ಟ. ಮುಂದಿನ ವಾರ ಅಂಗಡಿಯಿಂದಲೇ ಚೀಲ ಅವನ ಕೈಗೆ ಬಂತು. ಆಮೇಲೆ ಪ್ಯಾಕೆಟನ್ನು ಚೀಲಕ್ಕೆ ಹಾಕುವುದು. ದುಡ್ಡು ಕೊಡುವಲ್ಲಿ ನಿಂತುಬಿಟ್ಟಿತು. ನೋಟನ್ನು ಚಾಚುತ್ತಿದ್ದ, ಅಂಗಡಿಯವರು ಹಿಡಿದರೆ ಬಿಡುತ್ತಿರಲಿಲ್ಲ. ಬೆರಳು ಬಿಗಿಯಾಗುತ್ತಿತ್ತು, ನೋಟು ಹರಿಯುವ ಹಾಗಾಗುತ್ತಿತ್ತು. ಹತ್ತು ದಿನ ಹೀಗೇ ಹೋಯಿತು. ಕೊನೆಗೆ ಅಂಗಡಿಯವರೇ ಒಂದು ಸ್ಟೀಲಿನ ತಟ್ಟೆ ತಂದು ಕೌಂಟರಿನ ಮೇಲಿಟ್ಟು ‘ಇದರಲ್ಲಿ ಹಾಕು’ ಎಂದರು. ಹಾಕಿದ. ಕೈಯಿಂದ ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆ ಅವನಿಗಿತ್ತು ಎಂದು ನಮಗೆ ಹೊಳೆದದ್ದು ಆಗ. ಆ ತಟ್ಟೆ ಈಗಲೂ ಅಲ್ಲೇ ಇದೆ.

ರಸ್ತೆ ದಾಟುವುದನ್ನು ಎಲ್ಲಕ್ಕಿಂತ ಕೊನೆಗೆ ಕಲಿಸಿದೆವು. ಒಟ್ಟು ನಾಲ್ಕು ತಿಂಗಳು ಹಿಡಿಯಿತು. ಚಿಲ್ಲರೆಯ ಲೆಕ್ಕ ಇಂದಿಗೂ ಬರುವುದಿಲ್ಲ, ಸರಿಯಾದ ಮೊತ್ತವನ್ನೇ ಪರ್ಸಿನಲ್ಲಿಟ್ಟು ಕಳಿಸುತ್ತೇವೆ.

ಬಸ್ಸಿಗೂ ಇದೇ ಕ್ರಮ. ನಮ್ಮಲ್ಲಿ ಖಾಸಗಿ ಸಿಟಿ ಬಸ್ಸುಗಳೇ ಹೆಚ್ಚು, ಪ್ರತಿಯೊಂದಕ್ಕೂ ಹೆಸರು, ಬಣ್ಣ ಇರುತ್ತದೆ. ಓದಲು ಬಾರದವರು ಬಣ್ಣದಿಂದ ಬಸ್ಸು ಗುರುತಿಸುತ್ತಾರೆ. ಆದರೆ ಅದೇ ಬಣ್ಣದ ಬಸ್ಸು ಬೇರೆ ರೂಟಿನಲ್ಲೂ ಓಡುತ್ತಿರುತ್ತದೆ. ಆದ್ದರಿಂದ ಹತ್ತುವ ಮೊದಲು ಊರಿನ ಹೆಸರು ಹೇಳಿ ಕೇಳುವುದನ್ನು ಕಲಿಸಿ. ಮಾತು ಬಾರದಿದ್ದರೆ ಇಳಿಯುವ ನಿಲ್ದಾಣದ ಹೆಸರು ಬರೆದ ದಪ್ಪ ಕಾರ್ಡನ್ನು ಕಂಡಕ್ಟರಿಗೆ ತೋರಿಸಲಿ. ಹತ್ತು ಸಲ ಪಕ್ಕದಲ್ಲಿ ಕುಳಿತು ಹೋಗಿ, ಹತ್ತು ಸಲ ಹಿಂದಿನ ಸೀಟಿನಲ್ಲಿ, ಆಮೇಲೆ ಇಳಿಯುವ ಸ್ಟಾಪಿನಲ್ಲಿ ಕಾದು ನಿಲ್ಲಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಂಥ ಗದ್ದಲದ ಜಾಗದಲ್ಲಿ ಆರಂಭಿಸಬೇಡಿ.

ಕಾಗದಪತ್ರ

ಮೊದಲನೆಯದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು: ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ಸ್ನಾನ, ಊಟ, ಬಟ್ಟೆ, ಓಡಾಟ ಇವುಗಳಲ್ಲಿ ಎಷ್ಟು ಸ್ವತಂತ್ರರು ಎಂದು ಕೇಳುವ ವೈನ್‌ಲ್ಯಾಂಡ್ ಮಾಪನವೂ ಇರುತ್ತದೆ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಸೌಮ್ಯ ವಿಕಲತೆಗೆ ಶೇ. 50, ಮಧ್ಯಮಕ್ಕೆ ಶೇ. 75, ತೀವ್ರಕ್ಕೆ ಶೇ. 90 ಎಂದು ನಿಗದಿಯಾಯಿತು. ಶೇ. 40 ತಲುಪಿದರೆ ಹಳದಿ ಕಾರ್ಡ್, 80 ತಲುಪಿದರೆ ನೀಲಿ.

ಇಲ್ಲಿ ಎರಡು ಎಚ್ಚರ. ಪರೀಕ್ಷೆಯ ಭಾಷೆ ಒಂದು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡುವವರನ್ನು ಪುಸ್ತಕದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಇರುವುದಕ್ಕಿಂತ ಕಡಿಮೆ ಅಂಕ ಬರುತ್ತದೆ. ‘ಇವನ ಮಾತು ತುಳು, ತುಳುವಿನಲ್ಲಿ ಕೇಳಬಹುದೇ?’ ಎಂದು ಮೊದಲೇ ಹೇಳಿ. ಇನ್ನೊಂದು ಮನೆಯವರ ಉತ್ತರ. ಡಾಕ್ಟರೆದುರು ಮಗನ ಮರ್ಯಾದೆ ಉಳಿಸಬೇಕೆಂದು ‘ಎಲ್ಲ ಮಾಡ್ಕೊಳ್ತಾನೆ’ ಎಂದುಬಿಡುವ ತಾಯಂದಿರು ಬಹಳ. ನೀರು ಕಾಯಿಸಿ ಕೊಟ್ಟು, ಸೋಪು ಕೈಗಿಟ್ಟು, ಬಾಗಿಲಲ್ಲಿ ನಿಂತು ಹೇಳಿದರೆ ಸ್ನಾನ ಮಾಡುತ್ತಾನೆ ಎಂದಾದರೆ ಹಾಗೆಯೇ ಹೇಳಿ. ಮಕ್ಕಳಾದರೆ 5, 10, 18ನೇ ವಯಸ್ಸಿಗೆ ಪ್ರಮಾಣಪತ್ರ ನವೀಕರಿಸಬೇಕು, 18ರದ್ದು ಜೀವನಪರ್ಯಂತ ನಡೆಯುತ್ತದೆ.

ಎರಡನೆಯದು ಪಾಲಕತ್ವ, ಅತಿ ಹೆಚ್ಚು ಮನೆಗಳು ಮರೆಯುವುದು ಇದನ್ನೇ. 18 ತುಂಬಿದ ಮೇಲೆ ಹೆತ್ತವರು ಕೂಡ ತಾವಾಗಿಯೇ ಕಾನೂನಿನ ಪಾಲಕರಲ್ಲ. ಬ್ಯಾಂಕು, ಆಸ್ತಿ, ಒಪ್ಪಿಗೆ ಪತ್ರ ಎಂದು ಬಂದಾಗ ಇದು ಗೊತ್ತಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ, ಕೋರ್ಟಿಗೆ ಹೋಗಬೇಕಾಗಿಲ್ಲ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ವಿಚಾರಿಸಬೇಕು. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಒಂದು ಮಾತು ನೆನಪಿರಲಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವುದು ಅವರೊಡನೆ ಕೂಡಿ ನಿರ್ಧರಿಸುವ ಮಿತಿಯ ಪಾಲಕತ್ವವನ್ನು. ಹಾಗಾಗಿ ಯಾವ ಅಂಗಿ, ಯಾರ ಜೊತೆ ತಿರುಗಾಟ ಎನ್ನುವುದಕ್ಕೆಲ್ಲ ಪಾಲಕರ ಸಹಿ ಬೇಡ. ಓಟಿನ ಹಕ್ಕೂ ಹೋಗುವುದಿಲ್ಲ. ನ್ಯಾಯಾಲಯ ಅಸ್ವಸ್ಥಚಿತ್ತರೆಂದು ಘೋಷಿಸದ ಹೊರತು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನನ್ನ ತಮ್ಮ ಶಾಯಿ ಹಚ್ಚಿದ ಬೆರಳನ್ನು ಒಂದು ವಾರ ಎಲ್ಲರಿಗೂ ತೋರಿಸಿದ.

ಉಳಿದವು ಬೇಗ ಹೇಳಿಬಿಡುತ್ತೇನೆ. ನಿರಾಮಯ ಆರೋಗ್ಯ ವಿಮೆಗೆ ಮುಂಚಿತ ವೈದ್ಯಕೀಯ ಪರೀಕ್ಷೆ ಬೇಡ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಔಷಧ ಮತ್ತು ಥೆರಪಿಯೂ ಸೇರಿ. ಮಾಸಾಶನಕ್ಕೆ ನಾಡಕಚೇರಿ. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಮನೆಯಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಅವರಿಗೂ ಜೊತೆಗಾರರಿಗೂ ಶೇ. 75 ರಿಯಾಯಿತಿ. ಅಪ್ಪ ಅಥವಾ ಅಮ್ಮ ಸರ್ಕಾರಿ ನೌಕರಿಯಲ್ಲಿದ್ದರೆ, ದುಡಿದು ಬದುಕಲಾಗದ ಮಗ, ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಲ್ಲುತ್ತದೆ. ಹೆಸರನ್ನು ತಾವು ಬದುಕಿರುವಾಗಲೇ ದಾಖಲೆಗೆ ಸೇರಿಸಬೇಕು.

ಎಲ್ಲಿಂದ ಹೊರಡಬೇಕೆಂದೇ ತಿಳಿಯದಿದ್ದರೆ ಗ್ರಾಮ ಪಂಚಾಯತಿಗೆ ಹೋಗಿ ವಿ.ಆರ್.ಡಬ್ಲ್ಯೂ. ಯಾರೆಂದು ಕೇಳಿ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲೂಕಿನಲ್ಲಿ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರಲ್ಲಿ ಬಹುಮಂದಿ ತಾವೇ ವಿಕಲಚೇತನರು, ಯಾವ ಅರ್ಜಿ ಯಾವ ಮೇಜಿಗೆ ಎಂದು ಅವರಷ್ಟು ಬಲ್ಲವರಿಲ್ಲ. ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಬಳಗದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಗಲನ್ನು ತುಂಬುವುದು

18ರವರೆಗೆ ವಿಶೇಷ ಶಾಲೆಗಳಿವೆ. ಮಂಗಳೂರಿನಲ್ಲಿ ಬೆಂದೂರಿನ ಸೇಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ ಎಲ್ಲರಿಗೂ ಗೊತ್ತು. ಎಂಡೋಸಲ್ಫಾನ್ ಕೀಟನಾಶಕದ ಬಾಧಿತರಿಗಾಗಿ ಬೆಳ್ತಂಗಡಿಯ ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ಶುರುವಾಯಿತು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ವಿಷದ ಫಲ ಆ ಊರುಗಳ ಹಲವು ಮನೆಗಳಲ್ಲಿದೆ. ಶಾಲೆ ಮುಗಿದ ಮೇಲಿನ ಹಗಲೇ ಕಷ್ಟ. ಟಿವಿ ಎದುರು ಕುಳಿತ ಎರಡು ವರ್ಷದಲ್ಲಿ ಹತ್ತು ವರ್ಷ ಕಲಿತದ್ದು ಜಾರಿಹೋಗುತ್ತದೆ.

ಕೆಲಸವನ್ನು ಪರಿಚಯದವರಲ್ಲೇ ಹುಡುಕಿ. ಚಿಕ್ಕಮ್ಮನ ಮನೆ ಶಂಕರಪುರದ ಕಡೆ, ಮಲ್ಲಿಗೆ ಕಟ್ಟುವವರು. ಮೊಗ್ಗು ಲೆಕ್ಕ ಹಿಡಿದು ಚೆಂಡು ಕಟ್ಟುವುದು, ನಾಲ್ಕು ಚೆಂಡು ಸೇರಿಸಿ ಅಟ್ಟೆ ಮಾಡುವುದು ತಮ್ಮನಿಂದಾಗದು. ಆದರೆ ಬೆಳಿಗ್ಗೆ ಗಿಡದಿಂದ ಬಲಿತ ಮೊಗ್ಗನ್ನಷ್ಟೇ ಆರಿಸಿ ಕೀಳುವುದರಲ್ಲಿ ಅವನ ಕಣ್ಣು ತಪ್ಪುವುದಿಲ್ಲ. ಅರಳಿದ್ದನ್ನು ಮುಟ್ಟುವುದಿಲ್ಲ, ಎಳೆಯದನ್ನು ಬೆರಳಿಂದ ಸರಿಸಿ ಬಿಟ್ಟು ಮುಂದೆ ಹೋಗುತ್ತಾನೆ. ವಾರಕ್ಕೆ ಮೂರು ದಿನ ಅಲ್ಲಿ ಉಳಿಯುತ್ತಾನೆ. ಚಿಕ್ಕಮ್ಮ ಕೂಲಿ ಲೆಕ್ಕ ಮಾಡಿ ಅವನ ಕೈಗೇ ಕೊಡುತ್ತಾರೆ. ಕೂಲಿ ಕೊಡದೆ ‘ಟೈಂಪಾಸ್’ ಎಂದು ದುಡಿಸಿಕೊಳ್ಳುವ ಜಾಗಕ್ಕೆ ಕಳಿಸಬೇಡಿ.

ಮಂಗಳೂರಿನ ರೋಶನಿ ನಿಲಯದಂಥ ಸಮಾಜಕಾರ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಪಾಠದ ಭಾಗ. ವಿಶೇಷ ಶಾಲೆಯ ಅಥವಾ ಪಂಚಾಯತಿಯ ಮೂಲಕ ಕೇಳಿಕೊಂಡರೆ ಬಳಗದ ಮೊದಲ ಸಭೆಗಳನ್ನು ನಡೆಸಲು ಅವರು ನೆರವಾಗುತ್ತಾರೆ.

ಸುರಕ್ಷತೆ

ನಮ್ಮ ಕಡೆ ಬಾವಿ, ತೋಡು, ಸಮುದ್ರ ಮೂರೂ ಹತ್ತಿರ. ಬಾವಿಗೆ ಕಟ್ಟೆ ಇದ್ದರೂ ಬಲೆ ಹಾಕಿಸಿ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಗೆ ರಥಬೀದಿಗೆ ಹೋಗಬೇಕೆಂದು ತಮ್ಮ ಹಟ ಹಿಡಿಯುತ್ತಾನೆ. ಹುಲಿವೇಷದ ತಾಸೆಯ ಬಡಿತ ಹತ್ತಿರ ಬಂದರೆ ಕಿವಿ ಮುಚ್ಚಿ ಓಡುತ್ತಾನೆ. ಈಗ ಬಳಗದ ಹುಡುಗ ಅವನಿಗೆ ಒಂದು ಮಾಳಿಗೆಯ ಮೇಲಿಂದ ತೋರಿಸುತ್ತಾನೆ. ಜನಜಂಗುಳಿಗೆ ಹೋಗುವ ಬೆಳಿಗ್ಗೆ ಹಾಕಿದ ಅಂಗಿ ಸಮೇತ ಒಂದು ಫೋಟೊ ತೆಗೆದಿಡಿ. ತಪ್ಪಿಹೋದರೆ ಕೂಡಲೇ 112ಕ್ಕೆ ಕರೆ ಮಾಡಿ, ಸಂಜೆಯವರೆಗೆ ಕಾಯಬೇಡಿ.

ಮೈಯ ವಿಷಯವನ್ನು ಮನೆಯಲ್ಲಿ ಮಾತಾಡಲೇಬೇಕು. ಯಾರು ಎಲ್ಲಿ ಮುಟ್ಟಬಹುದು, ಬೇಡವೆಂದರೆ ಕೈ ಹೇಗೆ ತೋರಿಸುವುದು, ಯಾರಿಗೆ ಹೇಳುವುದು ಎಂದು ಹೆಣ್ಣಿಗೂ ಗಂಡಿಗೂ ಕಲಿಸಿ. ಬಳಗದಲ್ಲೂ ಒಂದು ನಿಯಮವಿರಲಿ: ಮುಚ್ಚಿದ ಕೋಣೆಯಲ್ಲಿ ಬಳಗದವರು ಒಬ್ಬರೇ ಅವರ ಜೊತೆ ಇರುವಂತಿಲ್ಲ, ‘ಅಮ್ಮನಿಗೆ ಹೇಳ್ಬೇಡ’ ಎಂಬ ಮಾತು ತಮಾಷೆಗೂ ಬೇಡ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 18ರ ಒಳಗಿನವರಿಗೆ ಮಾತ್ರ, ಮಾನಸಿಕ ವಯಸ್ಸು ಅಲ್ಲಿ ಲೆಕ್ಕಕ್ಕಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೊಡ್ಡವರ ಮೇಲಿನ ದೌರ್ಜನ್ಯಕ್ಕೆ 2016ರ ಕಾಯ್ದೆಯ 92ನೇ ಸೆಕ್ಷನ್ ಇದೆ: ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ದೂರು ಬರೆಸುವಾಗ ಆ ಸೆಕ್ಷನ್ನಿನ ಹೆಸರು ಹೇಳಿ.

ಅಮ್ಮ ಇಲ್ಲದ ಒಂದು ರಾತ್ರಿ

ಬಳಗ ಗಟ್ಟಿಯಾಗಿದೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ: ಅಮ್ಮ ಬೇಕೆಂದೇ ಒಂದು ರಾತ್ರಿ ಹೊರಗುಳಿಯಬೇಕು. ಮೊದಲು ಒಂದು ಮಧ್ಯಾಹ್ನ, ಆಮೇಲೆ ಸಂಜೆಯಿಂದ ಊಟದವರೆಗೆ, ಕೊನೆಗೆ ರಾತ್ರಿ. ಎರಡು ದಿನ ಮುಂಚೆಯೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಬಣ್ಣ ಹಚ್ಚಿ ತೋರಿಸಿ, ಹೇಳದೆ ಹೋಗಬೇಡಿ.

ಅಮ್ಮ ಮಂಗಳೂರಿಗೆ, ತುಳುವರ ಬಾಯಲ್ಲಿ ಕುಡ್ಲಕ್ಕೆ, ನಮ್ಮ ಮನೆಗೆ ಬಂದರು. ಚಿಕ್ಕಮ್ಮ ತಮ್ಮನ ಜೊತೆ ಮಲಗಿದರು, ಕಾಲೇಜು ಹುಡುಗ ಒಂಬತ್ತಕ್ಕೆ ಬಂದು ಮಾತ್ರೆ ನುಂಗಿದ್ದನ್ನು ನೋಡಿ ಹೋದ. ಅಮ್ಮ ರಾತ್ರಿಯಿಡೀ ಫೋನನ್ನು ಎದೆಯ ಮೇಲಿಟ್ಟುಕೊಂಡೇ ಮಲಗಿದ್ದರು. ಒಂದೂ ಕರೆ ಬರಲಿಲ್ಲ.

ಮರುದಿನ ನೋಟ್‌ಬುಕ್ಕಿಗೆ ಮೂರು ಸಾಲು ಸೇರಿದವು: ಗಂಜಿಗೆ ತುಪ್ಪ ಬೇಕೆಂದು ಎರಡು ಸಲ ಕೇಳಿದ, ನಡುರಾತ್ರಿ ಎದ್ದು ಅಮ್ಮನ ಕೋಣೆ ನೋಡಿ ಬಂದು ಮಲಗಿದ, ಆರೂವರೆಗೆ ಚೀಲ ತೆಗೆದುಕೊಂಡು ಹಾಲಿಗೆ ಹೊರಟ. ಹಾಲಿನ ಅಂಗಡಿಯವರು ಅವನನ್ನೇ ಕೇಳಿದರಂತೆ, ‘ಅಮ್ಮ ಎಲ್ಲಿ?’ ಅವನು ತಟ್ಟೆಯಲ್ಲಿ ದುಡ್ಡು ಹಾಕಿ, ಪ್ಯಾಕೆಟ್ ಚೀಲಕ್ಕಿಟ್ಟು, ‘ಕುಡ್ಲ’ ಎಂದ.